ದೊಡ್ಡವ್ವನ ಕಿಟಕಿ

ಈ ಪ್ರಯಾಣದ ಕತೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ಪ್ರತಿ ಸಲವೂ ಜನ ನಕ್ಕಿದ್ದಾರೆ. ಮೇ ತಿಂಗಳು, ಎ.ಸಿ. ಹಚ್ಚದ ಕಾರು, ಕಾಲಬುಡದಲ್ಲಿ ತೆಂಗಿನಕಾಯಿ, ಮನೆಮನೆಗೂ ಚಹಾ. ಬೆಳಿಗ್ಗೆ ಹೊರಟವರು ಸಂಜೆಯಾದರೂ ಮುಟ್ಟಬೇಕಾದ ಊರು ಮುಟ್ಟಲಿಲ್ಲ. ವಿಜಯಪುರದಿಂದ ತಾಸಿನ ದಾರಿಯ ಘೋಣಸಗಿಗೆ ಹೋಗಲು ಒಂದು ಇಡೀ ದಿನ ಸಾಲಲಿಲ್ಲ ಅಂದರೆ ನಮ್ಮ ಕಡೆಯವರಿಗೆ ತಾನಾಗಿಯೇ ನಗು ಬರುತ್ತದೆ. ನಾನು ಕತೆಯನ್ನು ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಉಳಿದದ್ದು ಗೊತ್ತಾದ ಮೇಲೂ ಕೆಲವು ಕಡೆ ಅಷ್ಟಕ್ಕೇ ನಿಲ್ಲಿಸಿದ್ದೇನೆ.

ಪೂರ್ತಿ ಬರೆಯಲು ಕೂತಾಗ ಒಂದು ತೊಡಕಾಗುತ್ತದೆ. ಆಮೇಲೆ ಗೊತ್ತಾದದ್ದು ಮೊದಲು ಕಂಡದ್ದನ್ನು ತಿದ್ದಿಬಿಟ್ಟಿದೆ. ಆ ದಿನ ಕಂಡ ಒಂದೊಂದು ಮುಖವೂ ಈಗ ನನ್ನ ನೆನಪಿನಲ್ಲಿ ಏನನ್ನೋ ಮುಚ್ಚಿಡುತ್ತಿದೆ. ಅವತ್ತು ಹಾಗೆ ಕಂಡಿರಲಿಲ್ಲ. ಅವತ್ತು ನನಗೆ ಸೆಕೆಯಾಗುತ್ತಿತ್ತು, ಅಷ್ಟೇ. ಆದ್ದರಿಂದ ಅವತ್ತಿನ ಕಣ್ಣಿನಿಂದಲೇ ಹೇಳಲು ನೋಡುತ್ತೇನೆ. ಎಲ್ಲಿ ತಪ್ಪುತ್ತೇನೋ ಅಲ್ಲಿ ತಪ್ಪಿದೆ ಎಂದೇ ಬರೆಯುತ್ತೇನೆ.

ನನ್ನ ತಂಗಿಯ ಮದುವೆಗೆ ಕೆಲವೇ ದಿನ ಉಳಿದಿದ್ದವು. ಅದು ಒಮ್ಮೆ ಮುಂದೆ ಹೋಗಿದ್ದ ಮದುವೆ. ಹಿಂದಿನ ವರ್ಷ ಹಂದರದ ಗಳ ತಂದು ಇಳಿಸಿದ ಮೇಲೆ ಹುಡುಗನ ಅಜ್ಜಿ ತೀರಿಕೊಂಡಳು, ಎಲ್ಲ ನಿಂತಿತು. ಎರಡನೆಯ ಸಲವೂ ನಿಂತರೆ ಈ ಸಂಬಂಧದ ಯೋಚನೆಯನ್ನೇ ಬಿಡಬೇಕಾಗುತ್ತದೆ ಎಂದು ಹುಡುಗನ ಕಡೆಯ ಹಿರಿಯರು ನಗುನಗುತ್ತಲೇ ಹೇಳಿ ಹೋಗಿದ್ದರು. ಆ ನಗುವನ್ನು ಅವ್ವ ಮರೆತಿರಲಿಲ್ಲ. ದೂರದವರಿಗೆಲ್ಲ ಲಗ್ನಪತ್ರಿಕೆ ಮುಟ್ಟಿತ್ತು. ಹತ್ತಿರದವರನ್ನು ಮಾತ್ರ ಮನೆಗೇ ಹೋಗಿ, ಕುಂಕುಮ ಹಚ್ಚಿ, ಬಾಯಿಂದ ಕರೆಯಬೇಕು. ಅದಕ್ಕೆಂದು ಒಂದು ದಿನ ಇಟ್ಟುಕೊಂಡಿದ್ದೆವು. ಮೊದಲು ಬಬಲೇಶ್ವರ, ಅಲ್ಲಿಂದ ಅಡ್ಡದಾರಿ ಹಿಡಿದು ತಿಕೋಟಾ, ಕೊನೆಗೆ ಘೋಣಸಗಿ.

ಘೋಣಸಗಿಯಲ್ಲಿ ದೊಡ್ಡವ್ವ ಇದ್ದಳು, ಅವ್ವನ ಅಕ್ಕ. ತಾಯಿಯಿಲ್ಲದ ಅವ್ವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಹುಟ್ಟಿದ ಊರಿನಲ್ಲೇ ಸೊಸೆಯಾಗಿ ಉಳಿದವಳು. ಅವಳಿಗೆ ಮಕ್ಕಳಿರಲಿಲ್ಲ. ಅವಳನ್ನು ಕರೆದು ಬರುವುದಲ್ಲ, ಕಾರಿನಲ್ಲಿ ಕೂರಿಸಿಕೊಂಡೇ ಬರುವುದು ಎಂದು ಅವ್ವ ತೀರ್ಮಾನಿಸಿದ್ದಳು. ಮದುವೆಯ ಅರಿಷಿಣಕ್ಕೆ ಮೊದಲ ಒನಕೆ ಏಟು ದೊಡ್ಡವ್ವನದೇ ಆಗಬೇಕು. ಆ ದಿನದ ಇಡೀ ತಿರುಗಾಟ ಅವ್ವನ ಮಟ್ಟಿಗೆ ಆ ಒಂದೇ ಕೆಲಸಕ್ಕಾಗಿ. ಉಳಿದ ಮನೆಗಳು ದಾರಿಯಲ್ಲಿ ಸಿಗುವಂಥವು.

ಜಲನಗರದ ನಮ್ಮ ಮನೆಯ ಮುಂದೆ ಕಾರು ತುಂಬುವಾಗಲೇ ನನ್ನ ಕಷ್ಟ ಶುರುವಾಯಿತು. ಅಪ್ಪ ಸ್ಟೀರಿಂಗ್ ಹಿಡಿದು ಕೂತಿದ್ದ. ಮುಂದಿನ ಸೀಟಿನಲ್ಲಿ ಅವ್ವ, ಮಡಿಲಲ್ಲಿ ಕುಂಕುಮ ಅರಿಷಿಣದ ತಟ್ಟೆ. ಹಿಂದೆ ನಾನು. ಹಿಂದಿನ ಎಡಗಡೆಯ ಕಿಟಕಿ ಪಕ್ಕ ಅವ್ವ ಒಂದು ಪ್ಲಾಸ್ಟಿಕ್ ಚೀಲ ಇಟ್ಟಳು. ಅದರಲ್ಲಿ ದೊಡ್ಡವ್ವನಿಗೆಂದು ತಂದ ಹಸಿರು ಇಳಕಲ್ ಸೀರೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ.

"ಅಲ್ಲೀತನಕ ನಾ ಕೂಡತೀನಿ ಬೇ ಕಿಟಕ್ಯಾಗ," ಅಂದೆ.

"ಬ್ಯಾಡ. ಆಮ್ಯಾಲ ಏಳಂಗಿಲ್ಲ ನೀ. ಅಕ್ಕಗ ಗಾಡ್ಯಾಗ ಹೊಟ್ಟಿ ತೊಳಸ್ತೈತಿ, ಆಕಿಗಿ ಕಿಟಕಿ ಬೇಕ."

"ಆಕಿ ಘೋಣಸಗ್ಯಾಗ ಹತ್ತಾಕಿ ಬೇ, ಇಲ್ಲಲ್ಲ."

"ಹತ್ತೂಮುಂದ ಜಾಗಾ ಇರಬೇಕಲ್ಲ?"

ಎರಡು ಮಕ್ಕಳ ತಾಯಿಯಾದ ನಾನು ಅಪ್ಪನ ಬೆನ್ನ ಹಿಂದೆ, ಪತ್ರಿಕೆಗಳ ಕಟ್ಟು ಮತ್ತು ಪೇಡೆಯ ಡಬ್ಬಿಗಳ ಜೊತೆ, ಬಿಸಿಲು ಬೀಳುವ ಬದಿಯಲ್ಲೇ ಕೂತೆ. ಎ.ಸಿ. ಹಚ್ಚಲು ಕೇಳಿದೆ.

"ಎ.ಸಿ. ಹಚ್ಚಿದ್ರ ಮೊಣಕಾಲ ಹಿಡೀತಾವ," ಅಂದ ಅಪ್ಪ.

"ಹಂಗಾದ್ರ ಅದನ್ನ ಯಾಕ ಕೂಡಸ್ಯಾರ ಗಾಡ್ಯಾಗ?"

"ಮಾರೂಮುಂದ ರೇಟ್ ಬರ್ತೈತಿ."

ಜಮಖಂಡಿ ದಾರಿಯಲ್ಲಿ ಕಿಟಕಿಗಳಿಂದ ನುಗ್ಗಿದ ಗಾಳಿ ಬೆಳಗಿನ ಹೊತ್ತಿಗೇ ರೊಟ್ಟಿ ಹಂಚಿನ ಮೇಲಿನದಾಗಿತ್ತು.

ಬಬಲೇಶ್ವರದಲ್ಲಿ ಮೊದಲ ಮನೆ ಅಪ್ಪನ ಕಾಕಾನದು. ಕಾಕಾ ಊರಲ್ಲಿರಲಿಲ್ಲ, ಅವನ ಹೆಂಡತಿ ಕಾಕು ಇದ್ದಳು, ಅವಳ ಮಗ ಇದ್ದ. ಕಾಕು ನಮ್ಮನ್ನು ನೋಡಿದ ಕೂಡಲೇ ಚಹಾಕ್ಕಿಟ್ಟಳು. ಚಹಾದ ಜೊತೆ ಚುರುಮರಿ ಸೂಸಲ, ಅದರ ಮೇಲೆ ಮತ್ತೆ ಚಹಾ. ಅವ್ವನಿಗೂ ನನಗೂ ಉಡಿ ತುಂಬಿದಳು: ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಒಂದೊಂದು ಕುಬಸದ ಖಣ. ಅವ್ವ ತನ್ನ ಖಣವನ್ನು ಬಿಡಿಸಿ ನೋಡಿ ನನ್ನ ಕಿವಿಯ ಹತ್ತಿರ ಬಂದು, "ಇದು ನಾನು ಆಕಿ ಮೊಮ್ಮಗನ ಜಾವಳದ ಕಾರ್ಯಕ್ಕ ಕೊಟ್ಟಿದ್ದು. ಊರೆಲ್ಲ ತಿರುಗಿ ಹೊಳ್ಳಿ ಬಂತ ನೋಡು," ಅಂದಳು. ಇಬ್ಬರೂ ನಕ್ಕೆವು. ಈ ನಗು ಖರೆ. ಇದನ್ನು ಯಾವ ತಿಳಿವಳಿಕೆಯೂ ಆಮೇಲೆ ಮುಟ್ಟಿಲ್ಲ.

ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಅವನು ಅಂಗಳಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಕಾಕುವಿನ ಮಗನನ್ನು ಕರೆದ, ಅವನೂ ಹೋದ. ಆಮೇಲೆ ಮಗ ಒಳಗೆ ಬಂದು ಕಾಕುವನ್ನು ಅಡುಗೆಮನೆಗೆ ಕರೆದ. ನಾನು ಇದನ್ನು ಕಂಡೆನೇ? ಕಂಡೆ ಅನಿಸುತ್ತದೆ. ಆದರೆ ಅವರು ಒಬ್ಬೊಬ್ಬರಾಗಿ ಎದ್ದು ಹೋಗುವ ಈ ಸಾಲು ನನ್ನ ನೆನಪಿನಲ್ಲಿ ನಾಟಕದಷ್ಟು ಅಚ್ಚುಕಟ್ಟಾಗಿದೆ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆ ಕಡಿಮೆ. ನಂಬಬಹುದಾದದ್ದು ಇಷ್ಟು: ಕಾಕು ಅಡುಗೆಮನೆಯಿಂದ ಹೊರಗೆ ಬಂದು, ಏಳಲು ಸಿದ್ಧರಾಗಿದ್ದ ನಮ್ಮ ಮುಂದೆ ನಿಂತು, "ಹೋಳಿಗಿ ಮಾಡ್ತೀನಿ, ಉಂಡು ಹೋಗ್ರಿ," ಅಂದಳು.

"ಹೋಳಿಗಿ? ಈಗ?" ಅವ್ವ ಕೇಳಿದಳು.

"ಈಗ ಬ್ಯಾಳಿ ಇಡತೀನಿ."

"ಕಾಕು, ಬ್ಯಾಳಿ ಕುದ್ದು, ರುಬ್ಬಿ, ನೀವು ಹೋಳಿಗಿ ಮಾಡೂತನಕ ನಮ್ಮ ಹುಡುಗಿ ಲಗ್ನಾನ ಮುಗದಿರ್ತೈತಿ."

"ಮುಗೀಲೇಳ. ಅವಸರ ಏನೈತಿ ನಿಮಗ?"

ಹೋಳಿಗೆಯಾಗಲಿಲ್ಲ, ಆದರೆ ಅವಲಕ್ಕಿಯಾಯಿತು, ಮತ್ತೊಮ್ಮೆ ಚಹಾ ಆಯಿತು, ಮಗನ ಹೊಸ ಬೋರ್‌ವೆಲ್ ನೋಡಲು ಹಿತ್ತಲಿಗೆ ಹೋಗಬೇಕಾಯಿತು. ಸುಡುವ ಬಿಸಿಲಲ್ಲಿ ನಾವೆಲ್ಲ ಒಂದು ಕೊಳವೆಯ ಸುತ್ತ ನಿಂತು ಅದನ್ನು ನೋಡಿದೆವು. ಅಪ್ಪ ಅದರ ಬಗ್ಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಲೇ ಇದ್ದ. ನಮಗೆ ಹೊಲವೇ ಇಲ್ಲ.

ಹೊರಟಾಗ ಅವ್ವ, "ಇಲ್ಲೇ ಆ ಓಣ್ಯಾಗ ಹೋಗಿ ಬರೂಣು," ಅಂದಳು. ಆ ಓಣಿಯಲ್ಲಿದ್ದದ್ದು ದೊಡ್ಡಪ್ಪನ, ಅಂದರೆ ದೊಡ್ಡವ್ವನ ಗಂಡನ, ಅಣ್ಣತಮ್ಮಂದಿರ ಮನೆ.

"ಅವರು ಮನ್ಯಾಗ ಇರಂಗಿಲ್ಲ ಬಿಡು," ಅಂದ ಅಪ್ಪ.

"ನಿಮಗ ಹ್ಯಾಂಗ ಗೊತ್ತು?"

"ಇಂಥಾ ಬಿಸಿಲಾಗ ಯಾರ ಇರ್ತಾರ?"

"ಬಿಸಿಲಾಗ ಮನ್ಯಾಗ ಇರಲಾರದ ಎಲ್ಲಿ ಇರ್ತಾರ?"

ಕಾರು ಓಣಿಗೆ ತಿರುಗಿತು.

ಮನೆಯಲ್ಲಿ ದೊಡ್ಡಪ್ಪನ ಅತ್ತಿಗೆ ಒಬ್ಬಳೇ ಇದ್ದಳು, ಎಪ್ಪತ್ತರ ಹತ್ತಿರದ ಮುದುಕಿ. ನಮ್ಮನ್ನು ಕಂಡವಳು ಹೊಸ್ತಿಲು ದಾಟಿ ಕಟ್ಟೆಗೆ ಬಂದಳು. ಒಳಗೆ ಬನ್ನಿ ಅನ್ನಲಿಲ್ಲ.

"ಎಲ್ಲಾರೂ ಎತ್ಲಾಗ ಹೋಗ್ಯಾರ್ರಿ?" ಅವ್ವ ಕೇಳಿದಳು.

"ಹೊಲಕ್ಕ ಹೋಗ್ಯಾರ."

"ಹೆಂಗಸರೂ?"

"ಎಲ್ಲಾರೂ."

ಅವ್ವ ಪತ್ರಿಕೆ ತೆಗೆದು, ಅದರ ಮೂಲೆಗೆ ಅರಿಷಿಣ ಹಚ್ಚಿ ಮುಂದೆ ಚಾಚಿದಳು. ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡಳು. "ಅಲ್ಲಿಡವ್ವಾ, ಕಟ್ಟಿ ಮ್ಯಾಲ ಇಡು." ಕುಂಕುಮದ ತಟ್ಟೆ ಮುಂದೆ ಬಂದಾಗ ಇನ್ನೂ ಒಂದು ಹೆಜ್ಜೆ ಸರಿದು, ಆಚೀಚೆ ನೋಡಿ, "ನಾ ಹೊರಗಾಗೇನಿ," ಅಂದುಬಿಟ್ಟಳು.

ನಮ್ಮ ಕಡೆ ಈ ಮಾತಿಗೆ ತಿಂಗಳ ಮುಟ್ಟು ಎಂದರ್ಥ. ಮೊಮ್ಮಕ್ಕಳ ಮದುವೆ ಮಾಡಿದ, ಬಾಯಲ್ಲಿ ಹಲ್ಲಿಲ್ಲದ ಆ ಮುದುಕಿ ಅದನ್ನು ಹೇಳಿದಾಗ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದಂತೆ ಮಾಡಿದೆ. ಅವ್ವ ಪತ್ರಿಕೆಯನ್ನು ಕಟ್ಟೆಯ ಮೇಲಿಟ್ಟು, ಕುಂಕುಮವನ್ನು ಅದರ ಪಕ್ಕಕ್ಕೆ ಒಂದು ಚೂರು ಕಾಗದದಲ್ಲಿ ಸುತ್ತಿಟ್ಟಳು.

"ಚಹಾ ಮಾಡ್ತಿದ್ದೆ. ಹಾಲು ಒಡದೈತಿ," ಅಂದಳು ಮುದುಕಿ.

ಇಡೀ ದಿನದಲ್ಲಿ ಚಹಾ ಕೊಡದ ಮನೆ ಅದೊಂದೇ. ನನಗೆ ಎಷ್ಟು ಖುಷಿಯಾಯಿತೆಂದರೆ ಕಾರು ಹತ್ತುವಾಗ ಆ ಒಡೆದ ಹಾಲಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕಾರಿನಲ್ಲಿ ನಾನು ತಡೆಯಲಾರದೆ, "ಅಯ್ಯ, ಮುದುಕಿಗಿ ಇನ್ನೂ ನಿಂತಿಲ್ಲಂತಪಾ!" ಅಂದೆ. ಅಪ್ಪ ಅತಿ ಜೋರಾಗಿ ನಕ್ಕ. ಹೆಂಗಸರ ಇಂಥ ಮಾತಿಗೆ ಅಪ್ಪ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕಂಡಿಲ್ಲ. ಅವ್ವ ಮುಂದಿನ ಗಾಜಿನಲ್ಲಿ ರಸ್ತೆ ನೋಡುತ್ತಿದ್ದಳು. ಅಥವಾ ಹಾಗೆಂದು ಈಗ ಬರೆಯುತ್ತಿದ್ದೇನೆ. ನಾನು ಹಿಂದೆ ಕೂತಿದ್ದೆ, ನನಗೆ ಕಂಡದ್ದು ಅವಳ ತುರುಬು, ಅದರಲ್ಲಿ ಬೆಳಿಗ್ಗೆ ಮುಡಿದ ಅಬ್ಬಲಿಗೆ. ಬೆನ್ನು ಏನು ನೋಡುತ್ತಿತ್ತೆಂದು ಯಾರಿಗೆ ಗೊತ್ತು.

ಬಬಲೇಶ್ವರದಿಂದ ತಿಕೋಟಾಕ್ಕೆ ಹೋಗುವ ಅಡ್ಡದಾರಿಯಲ್ಲಿ ಅಪ್ಪ ಇದ್ದಕ್ಕಿದ್ದಂತೆ ಕಾರು ಬದಿಗೆ ಹಚ್ಚಿದ. ಒಂದು ಬೇವಿನ ಗಿಡ, ಅದರ ಕೆಳಗೆ ಕೈಹಿಡಿಯಷ್ಟು ನೆರಳು.

"ಇಂಜಿನ್ ಕಾದೈತಿ."

"ಯಾರ ಹೇಳಿದ್ರು?" ನಾನು ಕೇಳಿದೆ.

"ವಾಸನಿ ಬರಾಕತ್ತೈತಿ."

ನನಗೆ ಬಂದದ್ದು ಪೇಡೆಯ ವಾಸನೆ ಮಾತ್ರ. ಅಪ್ಪ ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಇಂಜಿನ್ನನ್ನು ಸಂಬಂಧಿಕರನ್ನು ನೋಡಿದಂತೆ ನೋಡುತ್ತ ನಿಂತ. ನಮಗೆ ಕುಡಿಯಲು ತಂದಿದ್ದ ನೀರನ್ನು ತಗೊಂಡು ರೇಡಿಯೇಟರಿಗೆ ಹಾಕಿದ. ಅದು ಆಗಲೇ ತುಂಬಿತ್ತು, ನೀರು ಹೊರಚೆಲ್ಲಿ ಮಣ್ಣು ಕುಡಿಯಿತು. ಫೋನ್ ಬಂತು, ಅಪ್ಪ ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. ಎಂಥ ಫೋನ್ ಬಂದರೂ ಊಟದ ನಡುವೆ ಎದ್ದು ಮಾತಾಡುವ ಮನುಷ್ಯ.

"ಯಾರದು?" ಅವ್ವ ಕೇಳಿದಳು.

"ಕಂಪನೀವು. ಸಾಲ ಬೇಕೇನ ಅಂತ ಕೇಳ್ತಾರ."

"ಬೇಕಂತ ಹೇಳಬೇಕಿತ್ತು, ಲಗ್ನ ಮಾಡಾಕತ್ತೇವಿ," ಅಂದಳು ಅವ್ವ. ನಾನು ನಕ್ಕೆ. ಈಗ ಈ ಮಾತು ನನ್ನನ್ನು ಕಾಡುತ್ತದೆ. ಆ ಹೊತ್ತಿಗೆ ಅವಳ ಮನಸ್ಸಿನಲ್ಲಿ ಏನಿತ್ತು? ಏನೂ ಇರದೆ ಈ ಹಾಸ್ಯ ಬಂದಿದ್ದರೆ ಅದು ಒಂದು ಮಾತು. ಎಲ್ಲ ಇದ್ದೂ ಬಂದಿದ್ದರೆ ಬೇರೆಯೇ ಮಾತು. ಎರಡನ್ನೂ ಬರೆದು ನೋಡಿದ್ದೇನೆ, ಎರಡೂ ಓದಲು ಸರಿಯಾಗಿಯೇ ಇವೆ.

ನೀರಿಲ್ಲ, ಗಾಳಿಯಿಲ್ಲ. ನಾನು ಜಗಳ ತೆಗೆದೆ. ಕಾದ ಇಂಜಿನ್ ಆರಲು ಎಷ್ಟು ಹೊತ್ತು ಬೇಕೆಂದು ಕೇಳಿದೆ. ಅಪ್ಪ ಆಕಾಶ ನೋಡಿ, "ಬಿಸಿಲು ಇಳೀಲಿ," ಅಂದ. ಬಿಸಿಲು ನೆತ್ತಿಯ ಮೇಲಿತ್ತು. ಎಡಗಡೆಯ ಕಿಟಕಿ ಪಕ್ಕ ದೊಡ್ಡವ್ವನ ಸೀರೆ ಒಂದೇ ಇಡೀ ಕಾರಿನಲ್ಲಿ ಆರಾಮಾಗಿ ಕೂತಿತ್ತು. ಕಾಕುವಿನ ಮನೆಯ ತೆಂಗಿನಕಾಯಿಗಳು ನನ್ನ ಕಾಲಬುಡದಲ್ಲಿ ಉರುಳಾಡುತ್ತಿದ್ದವು. ಅವುಗಳನ್ನಾದರೂ ಆ ಸೀಟಿನ ಮೇಲೆ ಇಡುತ್ತೇನೆಂದೆ.

"ಇಡಬ್ಯಾಡ," ಅಂದಳು ಅವ್ವ. ತಿರುಗಿ ನೋಡದೆ ಅಂದಳು.

ತಿಕೋಟಾ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಅಲ್ಲಿ ಅವ್ವನ ಗೆಳತಿಯ ಮನೆ. ಘೋಣಸಗಿಯ ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಶಾಲೆಗೆ ಹೋದವರು. ಗೆಳತಿ ತಿಕೋಟಾದ ಮುಸ್ಲಿಂ ಮನೆತನಕ್ಕೆ ಸೊಸೆಯಾಗಿ ಬಂದವಳು. ಗಂಡನದು ಒಣದ್ರಾಕ್ಷಿಯ ವ್ಯಾಪಾರ. ನಾವು ಸಣ್ಣವರಿದ್ದಾಗಿನಿಂದ ಅವಳನ್ನು ಚಿಕ್ಕವ್ವನೆಂಬಂತೆ ಖಾಲಾ ಅನ್ನುತ್ತೇವೆ. ಚಿಕ್ಕಂದಿನಲ್ಲಿ ಅವ್ವನಿಗೂ ಅವಳಿಗೂ ಹೇನು ತೆಗೆದು, ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದದ್ದು ದೊಡ್ಡವ್ವನೇ ಅಂತೆ. ಒಬ್ಬಳ ಜಡೆ ಬಿಗಿಯಾದರೆ ಇನ್ನೊಬ್ಬಳು ಅಳುತ್ತಿದ್ದಳಂತೆ.

ಖಾಲಾ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಕೆಂಪಗಿದ್ದವೇ? ಕೆಂಪಗಿದ್ದವು ಎಂದು ಬರೆಯುವುದು ಸುಲಭ. ನನಗೆ ನೆನಪಿರುವುದು ಅವಳು ಕೊಟ್ಟ ತಣ್ಣನೆಯ ನೀರಿನ ತಂಬಿಗೆ, ಅದನ್ನು ನಾನು ಪೂರ್ತಿ ಕುಡಿದದ್ದು.

"ಊಟ ಮಾಡ್ರಿ," ಅಂದಳು. ಅವ್ವ ಮುಂದೆ ಕೂತು ಪತ್ರಿಕೆ ಕೊಟ್ಟಳು, ಲಗ್ನದ ಮೊದಲ ದಿನವೇ ಬರಬೇಕೆಂದು ಹೇಳಿದಳು. "ಬರ್ತೀನವ್ವಾ, ಬರಲಾರದ ಇರ್ತೀನೇನ," ಅಂದಳು ಖಾಲಾ. ಮಾತು ಅಲ್ಲಿಗೇ ನಿಂತಿತು. ಕೂಡಿದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹತ್ತಿ ಕೂರುವ ಹೆಂಗಸರು ಇವರು. ನಾನು ಇದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿದೆ.

ಊಟವಾದ ಮೇಲೆ ಅಪ್ಪ ಮತ್ತು ಖಾಲಾಳ ಗಂಡ ಪಡಸಾಲೆಯಲ್ಲಿ ದ್ರಾಕ್ಷಿಯ ದರದ ಬಗ್ಗೆ ಮಾತಾಡುತ್ತಿದ್ದರು. ನಾನು ಫ್ಯಾನಿನ ಕೆಳಗೆ ಗೋಡೆಗೊರಗಿ ಕಣ್ಣು ಮುಚ್ಚಿದೆ. ಅವ್ವ ಕಾರಿಗೆ ಹೋಗಿ ಬಂದ ಸಪ್ಪಳ ಕೇಳಿದೆ, ಅವಳು ಅಡುಗೆಮನೆಗೆ ಹೋದದ್ದೂ ಕೇಳಿಸಿತು. ಆಮೇಲೆ ಅಲ್ಲಿಂದ ಯಾವ ಸಪ್ಪಳವೂ ಬರಲಿಲ್ಲ. ಪಾತ್ರೆಯದೂ ಇಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಖಾಲಾ ಗಂಡನನ್ನು ಕರೆದಳು. ಹಿತ್ತಲಲ್ಲಿ ಮೋಟರ್‌ಸೈಕಲ್ ಶುರುವಾಯಿತು. ನಾನು ನಿದ್ದೆ ಹೋದೆ.

ಎಬ್ಬಿಸಿದಾಗ ಚಹಾ ಬಂದಿತ್ತು. ಕುಡಿದು ಹೊರಗೆ ಬಂದರೆ ಅವ್ವ ಕಾರಿನ ಹಿಂಬಾಗಿಲು ತೆರೆದು, ನನ್ನ ಕಾಲಬುಡದಲ್ಲಿದ್ದ ತೆಂಗಿನಕಾಯಿಗಳನ್ನು ಒಂದೊಂದಾಗಿ ಎತ್ತಿ ಎಡಗಡೆಯ ಕಿಟಕಿ ಪಕ್ಕದ ಸೀಟಿನ ಮೇಲೆ ಇಡುತ್ತಿದ್ದಳು. ಖಾಲಾ ಕೊಟ್ಟ ಒಣದ್ರಾಕ್ಷಿಯ ಚೀಲವನ್ನೂ ಅಲ್ಲೇ ಇಟ್ಟಳು. ಉರುಳಬಾರದೆಂದು ಖಣಗಳನ್ನು ನಡುವೆ ತುರುಕಿದಳು.

"ಮತ್ತ ದೊಡ್ಡವ್ವ ಎಲ್ಲಿ ಕೂಡಬೇಕ?" ನಾನು ಆಕಳಿಸುತ್ತ ಕೇಳಿದೆ.

"ಕಾಲ ಚಾಚಿ ಕೂಡು ನೀ. ಮುಂಜಾನಿಂದ ಒದರಾಕತ್ತಿ," ಅಂದಳು.

ಮುಂದಿನ ಸೀಟಿನಲ್ಲಿ ಕೂತು ತಟ್ಟೆಯನ್ನು ಮಡಿಲಿಗೆ ತೆಗೆದುಕೊಂಡಳು. ಅಪ್ಪ ಕಾರು ಶುರು ಮಾಡಿ, ಗೇರ್ ಹಾಕದೆ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂತ. ಬಲಕ್ಕೆ ಹೋದರೆ ಊರು ದಾಟಿ ಘೋಣಸಗಿಯ ದಾರಿ. ಎಡಕ್ಕೆ ಅಥಣಿ ರಸ್ತೆ, ವಿಜಯಪುರ.

"ಮನೀಗಿ ನಡೀರಿ," ಅಂದಳು ಅವ್ವ.

"ಯಾಕ? ಘೋಣಸಗಿ?" ಅಪ್ಪನ ದನಿ ಒಂದು ಮೆಟ್ಟಿಲು ಮೇಲಿತ್ತು.

"ಹೊತ್ತಾತು. ನಂಗ ತಲಿ ನೋಯಾಕತ್ತೈತಿ. ನಾಳೆ ನಾಡದು ನೋಡೂಣು."

"ಹಂಗ ಹ್ಯಾಂಗ? ನಿಮ್ಮಕ್ಕ ದಾರಿ ಕಾಯ್ತಿರ್ತಾಳ."

ಇದನ್ನು ಅಪ್ಪ ಯಾಕೆ ಅಂದ ಎಂದು ನಾನು ಅವನನ್ನು ಎಂದೂ ಕೇಳಿಲ್ಲ. ನಾಟಕ ಪೂರ್ತಿಯಾಗಲಿ ಎಂದಿರಬೇಕು. ಅವ್ವ, "ಕಾಯಲಿ," ಅಂದಳು. ಆಮೇಲೆ, "ನಡೀರಿ," ಅಂದಳು.

ನನಗೆ ತಲೆ ಕೆಟ್ಟಿತು. ಇಡೀ ದಿನ ಒಂದು ಸೀಟು ಖಾಲಿ ಇಟ್ಟು ನನ್ನನ್ನು ಬೇಯಿಸಿ, ಕೊನೆಗೆ ಊರ ಬಾಗಿಲಿಗೆ ಬಂದು ತಲೆನೋವಂತೆ! ಹಾಗೆಂದು ಹೇಳಿಯೂ ಹೇಳಿದೆ. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಅಪ್ಪನ ಗೆಳೆಯನ ಮನೆಯೊಂದು ಉಳಿದಿತ್ತು. ತಲೆನೋವಿದ್ದರೆ ಬಿಡೋಣ ಅಂದ ಅಪ್ಪ. ಬೇಡ, ಕರೆದೇ ಹೋಗೋಣ ಅಂದಳು ಅವ್ವ. ಅಲ್ಲಿ ಅವರ ಹೊಸ ಸೋಫಾದ ಮೇಲೆ ಕೂತು ಅವಳು ಚಹಾ ಕುಡಿದಳು, ಹುಡುಗ ಏನು ಓದಿದ್ದಾನೆಂದು ಹೇಳಿದಳು, ಉಡಿ ತುಂಬಿಸಿಕೊಂಡಳು. ಚಹಾದ ಬಸಿ ಕೆಳಗಿಡುವಾಗ ಒಂದು ಹನಿಯಾದರೂ ಚೆಲ್ಲಿತೇ ಎಂದು ನಾನು ನೆನಪನ್ನು ಎಷ್ಟೋ ಸಲ ಹಿಂದಕ್ಕೆ ಓಡಿಸಿ ನೋಡಿದ್ದೇನೆ. ಚೆಲ್ಲಲಿಲ್ಲ.

ಮದುವೆ ಆಯಿತು. ಚೆನ್ನಾಗಿಯೇ ಆಯಿತು. ದೊಡ್ಡವ್ವನಿಗೆ ಜ್ವರ, ದೊಡ್ಡಪ್ಪ ಅವಳನ್ನು ನೋಡಿಕೊಳ್ಳುತ್ತಿದ್ದಾನೆ ಎಂದು ಘೋಣಸಗಿಯಿಂದ ಬಂದ ಸೋದರಮಾವ ಹಂದರದ ಹೊರಗೇ ನಿಂತು ಹೇಳಿದ. ಅವ್ವ, "ಹೌದಾ? ಔಷಧ ತಗೊಂಡಾಳಿಲ್ಲೋ?" ಅಂದಳು. ಅರಿಷಿಣ ಕುಟ್ಟುವಾಗ ಒನಕೆಯನ್ನು ಯಾರ ಕೈಗೆ ಕೊಡಬೇಕೆಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಅವ್ವ ಸುಮ್ಮನೆ ಅದನ್ನು ಎತ್ತಿ ಕಾಕುವಿನ ಕೈಗಿಟ್ಟಳು. ಕಾಕು ಒನಕೆ ಹಿಡಿದು ಅತ್ತಳು. ಮದುವೆಮನೆಯಲ್ಲಿ ಕಾಕು ಅಳುವವಳೇ, ಯಾರೂ ಏನೂ ಅಂದುಕೊಳ್ಳಲಿಲ್ಲ.

ತಂಗಿಯನ್ನು ಕಳಿಸಿಕೊಟ್ಟ ಮರುದಿನ ಸೋದರಮಾವ ಮನೆಗೆ ಬಂದ. ಅಪ್ಪ ಅವ್ವನನ್ನು ಪಡಸಾಲೆಗೆ ಕರೆದು ಕೂರಿಸಿದ. ನೀರಿನ ತಂಬಿಗೆ ತಂದಿಡಲು ನನಗೆ ಹೇಳಿದ. ಮಾವ ನೆಲ ನೋಡುತ್ತ ಹೇಳಿದ: ಅಕ್ಕ ಹೋದಳು. ಪತ್ರಿಕೆ ಕೊಡಲು ನಾವು ಹೊರಟಿದ್ದ ಆ ದಿನವೇ, ಬೆಳಿಗ್ಗೆ, ರೊಟ್ಟಿ ಬಡಿಯುತ್ತ ಕೂತವಳು ಹಾಗೇ ವಾಲಿದಳಂತೆ. ಅವತ್ತೇ ಸಂಜೆ ಮಣ್ಣು ಮಾಡಿದರು.

ನಮ್ಮಲ್ಲಿ ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದಲೇ ಸೂತಕ ಹಿಡಿಯುತ್ತದೆ. ಬೀಳದಿದ್ದರೆ ಇಲ್ಲ. ಅದಕ್ಕೇ ಮದುವೆ ಹಿಡಿದ ಮನೆಯ ತಾಯಿಗೆ ಯಾರೂ ಸಾವನ್ನು ಹೇಳುವುದಿಲ್ಲ. ಇಡೀ ಊರೇ ಸೇರಿ ಅವಳ ಕಿವಿ ಕಾಯುತ್ತದೆ. ಹೋಳಿಗೆ, ಬೋರ್‌ವೆಲ್, ಕಾದ ಇಂಜಿನ್, ಹೊಲಕ್ಕೆ ಹೋದ ಹೆಂಗಸರು, ಒಡೆದ ಹಾಲು, ಎಪ್ಪತ್ತರ ಮುಟ್ಟು. ಸೂತಕದ ಮನೆಯವಳಾಗಿ ಮದುವೆಯ ಕುಂಕುಮ ಮುಟ್ಟುವಂತಿಲ್ಲ, ಯಾಕೆಂದು ಹೇಳುವಂತಿಲ್ಲ. ಆ ಮುದುಕಿಗೆ ಅವಸರದಲ್ಲಿ ಹೊಳೆದದ್ದು ಅದೊಂದೇ.

ಅವ್ವ ಅತ್ತಳು. ಎದೆ ಬಡಿದುಕೊಂಡು ಅತ್ತಳು. "ಯವ್ವಾ, ದಾರಿ ಕಾದಿಯೇನ," ಅಂದು ಅತ್ತಳು. ಅಪ್ಪ ಅವಳ ಪಕ್ಕ ಕೂತು ತಾನೂ ಕಣ್ಣೊರೆಸಿಕೊಂಡ. ತಾನು ಅಷ್ಟು ದಿನ ಬಚ್ಚಿಟ್ಟದ್ದು ಕಡೆಗೂ ಇಳಿಯಿತಲ್ಲ ಎಂಬ ಸಮಾಧಾನವೂ ಆ ಮುಖದಲ್ಲಿತ್ತು. ಅದು ಆಗಷ್ಟೇ ಸುದ್ದಿ ಕೇಳಿದವಳ ಅಳು ಎಂದು ನಾನು ನಂಬಿದೆ. ಎಲ್ಲರೂ ನಂಬಿದರು.

ಮರುದಿನ ಘೋಣಸಗಿಗೆ ಹೊರಟೆವು. ಈ ಸಲ ನೇರ ಅಥಣಿ ರಸ್ತೆ ಹಿಡಿದು. ಯಾರ ಮನೆಯಲ್ಲೂ ಇಳಿಯುವುದಿರಲಿಲ್ಲ. ಅವ್ವ ಹಿಂದಿನ ಎಡಗಡೆಯ ಕಿಟಕಿ ಪಕ್ಕ ತಾನೇ ಹೋಗಿ ಕೂತಳು. ನಾನು ಮುಂದೆ ಕೂತೆ. ತಿಕೋಟಾದಲ್ಲಿ ಖಾಲಾ ದಾರಿಗೇ ಬಂದು ನಿಂತಿದ್ದಳು, ಅವ್ವನ ಪಕ್ಕ ಹತ್ತಿದಳು. ಊರು ದಾಟಿದೆವು. ಎರಡೂ ಕಡೆ ದ್ರಾಕ್ಷಿ ತೋಟ, ಒಣಗಿಸುವ ಶೆಡ್ಡುಗಳ ಖಾಲಿ ಪರದೆಗಳು ಗಾಳಿಗೆ ಅಲ್ಲಾಡುತ್ತಿದ್ದವು.

ಖಾಲಾ ಅವ್ವನ ಕೈ ಹಿಡಿದುಕೊಂಡು, ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ ಎಂಬ ಧೈರ್ಯದಲ್ಲಿರಬೇಕು, ಹೇಳಿದಳು:

"ಸೀರಿ ಹೊತ್ತಿಗಿ ಮುಟ್ಟಿತ್ತು ಬೇ. ನಮ್ಮವರು ಮೋಟರ್‌ಸೈಕಲ್ ಮ್ಯಾಲ ಒಯ್ದು ಕೊಟ್ರು. ಎತ್ತೂಕಿಂತ ಮೊದಲ ಹೊಚ್ಯಾರ. ತವರಮನಿ ಸೀರಿ ಇಲ್ಲದ ಹೋಗಲಿಲ್ಲ ನಿಮ್ಮಕ್ಕ."

ನಾನು ಹಿಂದೆ ತಿರುಗಿದೆ. ಅವ್ವ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

"ಒಲೀ ಮುಂದ ನಿಂತಿದ್ನಿ ನಾ," ಅಂದಳು ಖಾಲಾ, ಈಗ ನನಗೆ. "ನಿಮ್ಮವ್ವ ಬಂದು ಸೀರಿ ಚೀಲಾ ನನ್ನ ಕೈಯಾಗ ಇಟ್ಟಳು. ಒಂದ ಮಾತು ಕೇಳಲಿಲ್ಲ. ನಾನೂ ಹೇಳಲಿಲ್ಲ, ಅಲ್ಲಾ ಸಾಕ್ಷಿ. ಹೇಳಿದ್ರ ಲಗ್ನ ನಿಲ್ತಿತ್ತಲ್ಲ. ಒಬ್ಬರ ಮಾರಿ ಒಬ್ಬರು ನೋಡಿದ್ವಿ, ಅಷ್ಟ."

ಹಾಗಾದರೆ ಅವಳ ಕಿವಿಗೆ ಏನೂ ಬಿದ್ದಿರಲಿಲ್ಲ. ಸೂತಕದ ಲೆಕ್ಕದ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು. ಅಲ್ಲಿಂದ ಬಲಕ್ಕೆ ತಿರುಗಿದ್ದರೆ ಅಕ್ಕನ ಮುಖ ಸಿಗುತ್ತಿತ್ತು. ತೆಂಗಿನಕಾಯಿಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದ ಅವಳ ಕೈ ನನಗೆ ಈಗಲೂ ಕಾಣುತ್ತದೆ. ಆ ಕೈಗೆ ಗೊತ್ತಿತ್ತು ಎಂಬುದು ಆಗ ಕಾಣಲಿಲ್ಲ.

"ಅದಕ್ಕ ಫಾಲ್ ಹಚ್ಚಿರಲಿಲ್ಲ," ಅಂದಳು ಅವ್ವ. "ಹಚ್ಚಸಬೇಕಂತ ಮಾಡಿದ್ನಿ. ಅಕ್ಕನ್ನ ಮನೀಗಿ ಕರಕೊಂಡು ಬಂದ ಮ್ಯಾಲ ಹಚ್ಚಿದ್ರಾತು ಅಂತ ಬಿಟ್ನಿ."

ಈ ಮಾತು ಇದೇ ಕ್ರಮದಲ್ಲಿ ಬಂದದ್ದು ನನಗೆ ಖಚಿತ. ಇಡೀ ಕತೆಯಲ್ಲಿ ನಾನು ಆಣೆ ಮಾಡಿ ಹೇಳಬಲ್ಲದ್ದು ಇದೊಂದೇ.

ಕಾರು ನಿಧಾನವಾಯಿತು. ನಾನು ಅಪ್ಪನನ್ನು ನೋಡಿದೆ. ಬೇವಿನ ಗಿಡದ ಕೆಳಗೆ ತುಂಬಿದ ರೇಡಿಯೇಟರಿಗೆ ನಮ್ಮ ಕುಡಿಯುವ ನೀರನ್ನೆಲ್ಲ ಸುರಿದ ಮನುಷ್ಯ, ಅಷ್ಟು ದಿನವೂ ತಾನು ಅವಳನ್ನು ಕಾಪಾಡಿದೆನೆಂದು ತಿಳಿದಿದ್ದವನು, ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಹಿಂದಿನ ಕನ್ನಡಿಯಲ್ಲಿ ನೋಡಲು ಕತ್ತು ಎತ್ತಿದ, ನೋಡಲಿಲ್ಲ.

ಎದುರಿಗೆ ಘೋಣಸಗಿಯ ಮೊದಲ ಮನೆಗಳು ಕಾಣಿಸಿದವು. ತಿಕೋಟಾದಲ್ಲಿ ಕಪ್ಪಿಗೆ ಹಾಕಿದ ಚಹಾ ಇಲ್ಲಿ ಮುಟ್ಟುವ ಹೊತ್ತಿಗೆ ಇನ್ನೂ ಬೆಚ್ಚಗಿರುತ್ತಿತ್ತು. ದಾರಿ ಅಷ್ಟೇ ಇತ್ತು.

ಅಪ್ಪ ಕೈ ಚಾಚಿ ಎ.ಸಿ. ಹಚ್ಚಿದ. ನಾಲ್ಕೂ ಕಿಟಕಿ ತೆರೆದೇ ಇದ್ದವು.